ನಮ್ಮ ಯಂತ್ರ ಯಾರೊಡನೆ ಮಾತಾಡುತ್ತಿದೆ? ಕಮಾಂಡ್ ಲೈನ್ ಉಪಕರಣಗಳ ಒಂದು ಸಮೀಕ್ಷೆ

2024ರ ಮಾರ್ಚ್ ಕೊನೆಯಲ್ಲಿ ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಡೆಬಿಯನ್ ಲಿನಕ್ಸ್‌ನ ಇನ್ನೂ ಬಿಡುಗಡೆಯಾಗದ ಆವೃತ್ತಿಯೊಂದರ ಮೇಲೆ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ವೇಗ ಅಳೆಯುತ್ತಿದ್ದರು. ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಸೇವೆ ಯಾಕೋ ಪ್ರೊಸೆಸರನ್ನು ಹೆಚ್ಚಾಗಿ ಬಳಸುತ್ತಿರುವುದು ಅವರ ಕಣ್ಣಿಗೆ ಬಿತ್ತು. ‘ಟೈಮ್’ ಎಂಬ ಪುಟ್ಟ ಕಮಾಂಡ್ ಹಾಕಿ ಅಳೆದರು. ಮೊದಲು ಸುಮಾರು 0.3 ಸೆಕೆಂಡಿನಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಈಗ 0.8 ಸೆಕೆಂಡ್ ಹಿಡಿಯುತ್ತಿತ್ತು. ಆ ಅರ್ಧ ಸೆಕೆಂಡಿನ ಬೆನ್ನು ಹತ್ತಿದಾಗ ಸಿಕ್ಕಿದ್ದು ‘ಎಕ್ಸ್‌ಝಡ್’ ಎಂಬ ಫೈಲ್ ಕುಗ್ಗಿಸುವ ತಂತ್ರಾಂಶದಲ್ಲಿ ಅಡಗಿಸಿಟ್ಟ ಹಿಂಬಾಗಿಲು. ‘ಜಿಯಾ ಟಾನ್’ ಎಂಬ ಹೆಸರಿನಲ್ಲಿ ಯಾರೋ ಎರಡು ವರ್ಷಕ್ಕೂ ಹೆಚ್ಚು ಕಾಲ ಆ ಯೋಜನೆಗೆ ದುಡಿದು, ನಂಬಿಕೆ ಗಳಿಸಿ, ಅದನ್ನು ಅಲ್ಲಿ ಸೇರಿಸಿದ್ದರು. ಮಾರ್ಚ್ 29ರಂದು ಫ್ರಾಯ್ಂಡ್ ಅದನ್ನು ಬಹಿರಂಗಪಡಿಸದಿದ್ದರೆ, ಮುಂದಿನ ಕೆಲವೇ ತಿಂಗಳಲ್ಲಿ ಅದು ಪ್ರಮುಖ ಲಿನಕ್ಸ್ ಆವೃತ್ತಿಗಳ ಮೂಲಕ ಜಗತ್ತಿನ ಅಸಂಖ್ಯ ಸರ್ವರ್‌ಗಳನ್ನು ಸೇರಬಹುದಿತ್ತು.

ಈ ಪತ್ತೆಗೆ ಬಳಕೆಯಾದ ಉಪಕರಣಗಳು ಎಲ್ಲರಿಗೂ ಪುಕ್ಕಟೆ ಸಿಗುವಂಥವು. ಅವು ಪುಟ್ಟವು, ಹೆಚ್ಚಿನವು ಹಳೆಯವು. ಅಪರೂಪದ್ದೆಂದರೆ ‘ಇದಕ್ಕೆ ಇಷ್ಟು ಹೊತ್ತು ಹಿಡಿಯಬಾರದು’ ಎಂಬ ತಿಳಿವಳಿಕೆ. ಕಂಪ್ಯೂಟರ್ ಆಸಕ್ತರಿಗಾಗಿ ಕಮಾಂಡ್ ಲೈನ್, ಭದ್ರತೆ ಮತ್ತು ಜಾಲ ನಿಗಾ ಉಪಕರಣಗಳನ್ನು ಸಮೀಕ್ಷಿಸಲು ಹೊರಟಾಗ ನಾನು ಹಿಡಿದಿರುವ ಎಳೆಯೂ ಇದೇ. ತನ್ನ ಯಂತ್ರದ ಸಹಜ ಸ್ಥಿತಿ ಗೊತ್ತಿರುವವರಿಗೆ ಮಾತ್ರ ಅಸಹಜವಾದದ್ದು ಕಾಣುತ್ತದೆ. ಹಾಗಾಗಿ ಉಪಕರಣಗಳನ್ನು ಅಕಾರಾದಿಯಾಗಿ ಪಟ್ಟಿ ಮಾಡದೆ, ಅವು ಉತ್ತರಿಸುವ ಪ್ರಶ್ನೆಗಳ ಕ್ರಮದಲ್ಲಿ ನೋಡೋಣ.

ಒಳಗೆ ಏನು ನಡೆಯುತ್ತಿದೆ?

ಮೊದಲ ಪ್ರಶ್ನೆ ನಮ್ಮದೇ ಯಂತ್ರದ್ದು. ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ ‘ಪಿಎಸ್’ ಎಂಬ ಕಮಾಂಡ್ ಆ ಕ್ಷಣ ಓಡುತ್ತಿರುವ ಪ್ರಕ್ರಿಯೆಗಳ ಪಟ್ಟಿ ಕೊಡುತ್ತದೆ. ‘ಟಾಪ್’ ಅದೇ ಪಟ್ಟಿಯನ್ನು ಕೆಲವು ಸೆಕೆಂಡಿಗೊಮ್ಮೆ ಹೊಸದಾಗಿ ತೋರಿಸುತ್ತದೆ. ಬ್ರೆಜಿಲ್‌ನ ಹಿಶಾಮ್ ಮುಹಮ್ಮದ್ 2004ರಲ್ಲಿ ಶುರು ಮಾಡಿದ ‘ಎಚ್‌ಟಾಪ್’ ಇದನ್ನು ಬಣ್ಣದ ಪಟ್ಟೆಗಳಲ್ಲಿ, ಬಾಣದ ಕೀಲಿಗಳಿಂದ ಓಡಾಡಬಹುದಾದ ಪಟ್ಟಿಯಾಗಿ ಕೊಡುತ್ತದೆ. ಹೊಸಬರು ಇಲ್ಲಿಂದಲೇ ಆರಂಭಿಸುವುದು ಒಳ್ಳೆಯದು.

ವಿಂಡೋಸ್ ಬಳಸುವವರಿಗೆ ಸಿಸ್‌ಇಂಟರ್ನಲ್ಸ್ ಎಂಬ ಉಚಿತ ಉಪಕರಣಗಳ ಗುಚ್ಛವಿದೆ. ಮಾರ್ಕ್ ರುಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ 1996ರಲ್ಲಿ ಆರಂಭಿಸಿದ್ದನ್ನು ಹತ್ತು ವರ್ಷದ ಬಳಿಕ ಮೈಕ್ರೋಸಾಫ್ಟ್ ತನ್ನದಾಗಿಸಿಕೊಂಡಿತು. ಅದರ ‘ಪ್ರೊಸೆಸ್ ಎಕ್ಸ್‌ಪ್ಲೋರರ್’ ಯಾವ ಪ್ರೋಗ್ರಾಂ ಯಾವುದನ್ನು ಹುಟ್ಟುಹಾಕಿತು ಎಂಬ ವಂಶವೃಕ್ಷವನ್ನೇ ತೋರಿಸುತ್ತದೆ. ‘ಆಟೋರನ್ಸ್’ ಕಂಪ್ಯೂಟರ್ ಆನ್ ಆದಾಗ ತಾವಾಗಿಯೇ ಎದ್ದು ಕೂರುವ ಎಲ್ಲವನ್ನೂ ಪಟ್ಟಿ ಮಾಡುತ್ತದೆ. 2005ರಲ್ಲಿ ಸೋನಿ ಬಿಎಂಜಿ ಸಂಸ್ಥೆ ಹಾಡಿನ ಸಿಡಿಗಳ ಮೂಲಕ ಕೊಳ್ಳುವವರ ಕಂಪ್ಯೂಟರ್‌ನಲ್ಲಿ ಗುಟ್ಟಾಗಿ ಕೂರಿಸುತ್ತಿದ್ದ, ತನ್ನ ಇರವನ್ನೇ ಮರೆಮಾಡುವ ‘ರೂಟ್‌ಕಿಟ್’ ತಂತ್ರಾಂಶ ಬಯಲಾದದ್ದು ರುಸಿನೋವಿಚ್ ತಮ್ಮದೇ ಉಪಕರಣವನ್ನು ತಮ್ಮದೇ ಯಂತ್ರದ ಮೇಲೆ ಪರೀಕ್ಷಿಸುತ್ತಿದ್ದಾಗ.

ಒಂದು ಕಮಾಂಡ್‌ನ ಉತ್ತರವನ್ನು ಇನ್ನೊಂದಕ್ಕೆ ಉಣಿಸುವುದು ಕಮಾಂಡ್ ಲೈನ್‌ನ ನಿಜವಾದ ಶಕ್ತಿ. ‘ಪೈಪ್’ ಎನ್ನುವ ಈ ಏರ್ಪಾಟು 1973ರಲ್ಲಿ ಡಗ್ಲಸ್ ಮೆಕಿಲ್‌ರಾಯ್ ಅವರ ಒತ್ತಾಸೆಯಿಂದ ಯುನಿಕ್ಸ್‌ಗೆ ಬಂತು. ಸಾಲುಗಳಲ್ಲಿ ಬೇಕಾದ ಪದ ಹುಡುಕುವ ಕೆನ್ ಥಾಂಪ್ಸನ್ ಅವರ ‘ಗ್ರೆಪ್’ ಕೂಡ ಹೆಚ್ಚುಕಡಿಮೆ ಅದೇ ಕಾಲದ್ದು. ಇಂದಿನ ಒಂದು ಉದಾಹರಣೆ ನೋಡಿ. ಅಂತರ್ಜಾಲಕ್ಕೆ ತೆರೆದಿರುವ ಯಾವುದೇ ಲಿನಕ್ಸ್ ಸರ್ವರ್‌ನ ಲಾಗಿನ್ ದಾಖಲೆಯಲ್ಲಿ ಪಾಸ್‌ವರ್ಡ್ ತಪ್ಪಿದ ಸಾಲುಗಳು ರಾಶಿ ಬಿದ್ದಿರುತ್ತವೆ. ‘ಗ್ರೆಪ್’ ಅವನ್ನಷ್ಟೇ ಆರಿಸುತ್ತದೆ, ‘ಆಕ್’ ಪ್ರತಿ ಸಾಲಿನಿಂದ ಐಪಿ ವಿಳಾಸವನ್ನು ಕಿತ್ತುಕೊಡುತ್ತದೆ, ‘ಸಾರ್ಟ್’ ಒಂದೇ ವಿಳಾಸಗಳನ್ನು ಒಟ್ಟಿಗೆ ತರುತ್ತದೆ, ‘ಯೂನಿಕ್’ ಅವನ್ನು ಎಣಿಸುತ್ತದೆ, ಮತ್ತೊಮ್ಮೆ ‘ಸಾರ್ಟ್’ ಮಾಡಿದರೆ ಅತಿ ಹೆಚ್ಚು ಸಲ ಪ್ರಯತ್ನಿಸಿದ ವಿಳಾಸ ಮೊದಲ ಸಾಲಿಗೆ ಬರುತ್ತದೆ. ನಾಲ್ಕು ಉಪಕರಣಗಳನ್ನು ಐದು ಹಂತಗಳಾಗಿ ಒಂದೇ ಸಾಲಿನಲ್ಲಿ ಪೋಣಿಸಿದರೆ ಸರ್ವರ್ ಮೇಲಿನ ದಾಳಿಯ ವರದಿ ಸಿದ್ಧ. 2006ರಲ್ಲಿ ಬಂದ ವಿಂಡೋಸ್‌ನ ಪವರ್‌ಶೆಲ್‌ನಲ್ಲೂ ಪೈಪ್ ಇದೆ. ಅಲ್ಲಿ ಹರಿಯುವುದು ಬರಿಯ ಪಠ್ಯವಲ್ಲದೆ ಹೆಸರು, ಗಾತ್ರ, ಸಮಯ ಎಂದು ವಿಂಗಡವಾದ ಮಾಹಿತಿ ಆಗಿರುವುದರಿಂದ ಪದಗಳನ್ನು ಕತ್ತರಿಸುವ ಕೆಲಸ ಕಡಿಮೆ.

ಯಾರೊಡನೆ ಮಾತುಕತೆ?

ಎರಡನೆಯ ಪ್ರಶ್ನೆಯನ್ನು ಪ್ರತಿಯೊಬ್ಬ ಬಳಕೆದಾರರೂ ಒಮ್ಮೆಯಾದರೂ ಕೇಳಬೇಕು: ನಾನು ಏನೂ ಮಾಡದೆ ಕೂತಿರುವಾಗ ನನ್ನ ಯಂತ್ರ ಯಾರನ್ನು ಸಂಪರ್ಕಿಸುತ್ತಿದೆ? ಹಳೆಯ ‘ನೆಟ್‌ಸ್ಟ್ಯಾಟ್’ ಇದಕ್ಕೆ ಉತ್ತರ ಕೊಡುತ್ತದೆ. ಲಿನಕ್ಸ್‌ನಲ್ಲಿ ಈಗ ಅದರ ಜಾಗಕ್ಕೆ ‘ಎಸ್‌ಎಸ್’ ಬಂದಿದೆ. ತೆರೆದಿರುವ ಸಂಪರ್ಕ, ಆ ಕಡೆಯ ವಿಳಾಸ, ಪೋರ್ಟ್ ಸಂಖ್ಯೆ, ಸಂಪರ್ಕ ತೆರೆದ ಪ್ರೋಗ್ರಾಂ, ಈ ನಾಲ್ಕೂ ಒಂದೇ ಸಾಲಿನಲ್ಲಿ ಸಿಗುತ್ತವೆ. ಮ್ಯಾಕ್‌ನಲ್ಲಿ ‘ಎಲ್‌ಎಸ್‌ಓಎಫ್’, ವಿಂಡೋಸ್‌ನಲ್ಲಿ ‘ಟಿಸಿಪಿವ್ಯೂ’ ಇದೇ ಕೆಲಸ ಮಾಡುತ್ತವೆ. ಯಾವ ಪ್ರೋಗ್ರಾಂ ಎಷ್ಟು ಡೇಟಾ ನುಂಗುತ್ತಿದೆ ಎಂದು ನೇರವಾಗಿ ನೋಡಲು ಲಿನಕ್ಸ್‌ನ ‘ನೆಟ್‌ಹಾಗ್ಸ್’ ಇದೆ.

ಇಲ್ಲಿ ‘ಲಿಸನ್’ ಎಂದು ಗುರುತಾದ ಸಾಲುಗಳಿಗೆ ವಿಶೇಷ ಗಮನ ಕೊಡಬೇಕು. ಅವು ಹೊರಗಿನವರ ಕರೆಗಾಗಿ ಕಾದು ಕೂತ ಸೇವೆಗಳು. 127.0.0.1 ಎಂಬ ವಿಳಾಸದಲ್ಲಿ ಕಾಯುತ್ತಿದ್ದರೆ ಅದು ಆ ಯಂತ್ರದೊಳಗಿನವರಿಗೆ ಮಾತ್ರ. 0.0.0.0 ಎಂದಿದ್ದರೆ ಜಾಲದಲ್ಲಿ ಯಾರು ಬಂದರೂ ತೆರೆಯಲು ಸಿದ್ಧ ಎಂದರ್ಥ. ಅಭ್ಯಾಸಕ್ಕೆಂದು ಹಾಕಿಕೊಂಡ ಡೇಟಾಬೇಸ್ ಹೀಗೆ ಇಡೀ ಊರಿಗೆ ತೆರೆದುಕೊಂಡಿರುವುದು ತೀರ ಸಾಮಾನ್ಯ. ಈ ಒಂದು ಸಂಖ್ಯೆಯನ್ನು ಓದಲು ಬಂದರೆ ಅರ್ಧ ಭದ್ರತೆ ಕೈಗೆ ಬಂದಂತೆ.

ದಾರಿ ಎಲ್ಲಿ ತಡವಾಗುತ್ತಿದೆ?

‘ನೆಟ್ ಸ್ಲೋ’ ಎಂಬ ದೂರು ಮನೆಮನೆಯದ್ದು. ಅದನ್ನು ಬಿಡಿಸಿ ನೋಡಲು ಇರುವ ಮೊದಲ ಉಪಕರಣ ‘ಪಿಂಗ್’. ಅಮೆರಿಕದ ಸೇನಾ ಪ್ರಯೋಗಾಲಯದಲ್ಲಿದ್ದ ಮೈಕ್ ಮ್ಯೂಸ್ 1983ರ ಡಿಸೆಂಬರ್‌ನಲ್ಲಿ ಬರೆದ ಈ ಪ್ರೋಗ್ರಾಂ ಒಂದು ಪುಟ್ಟ ಪ್ಯಾಕೆಟ್ ಕಳಿಸಿ, ಅದು ಮರಳಿ ಬರಲು ಹಿಡಿದ ಸಮಯವನ್ನು ಮಿಲಿಸೆಕೆಂಡಿನಲ್ಲಿ ಹೇಳುತ್ತದೆ. ಆ ಸಂಖ್ಯೆಯನ್ನು ಓದಲು ಸ್ವಲ್ಪ ಭೌತವಿಜ್ಞಾನ ಬೇಕು. ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾಕ್ಕೆ ನೇರ ಗೆರೆ ಎಳೆದರೂ ಸುಮಾರು 14 ಸಾವಿರ ಕಿಲೋಮೀಟರ್. ಹೋಗಿ ಬರಲು 140 ಮಿಲಿಸೆಕೆಂಡ್ ಬೇಕೇ ಬೇಕು, ಕೇಬಲ್‌ಗಳ ಬಳಸುದಾರಿ ಸೇರಿದರೆ 200 ದಾಟುತ್ತದೆ. ಅಲ್ಲಿನ ಸರ್ವರ್‌ಗೆ 230 ಬಂದರೆ ಇಂಟರ್ನೆಟ್ ಸೇವೆ ಕೊಡುವವರನ್ನು ಬೈಯುವಂತಿಲ್ಲ. ಮನೆಯ ರೌಟರ್‌ಗೇ 80 ಬಂದರೆ ದೋಷ ಮನೆಯೊಳಗಿದೆ, ಹೆಚ್ಚಾಗಿ ವೈಫೈನಲ್ಲಿದೆ.

ದಾರಿಯ ಪ್ರತಿ ನಿಲ್ದಾಣವನ್ನು ತೋರಿಸುವುದು ವ್ಯಾನ್ ಜೇಕಬ್ಸನ್ ಬರೆದ ‘ಟ್ರೇಸ್‌ರೂಟ್’. ವಿಂಡೋಸ್‌ನಲ್ಲಿ ಇದರ ಹೆಸರು ‘ಟ್ರೇಸ್‌ಆರ್‌ಟಿ’. ಪ್ರತಿ ಪ್ಯಾಕೆಟ್‌ಗೂ ಎಷ್ಟು ರೌಟರ್ ದಾಟಬಹುದು ಎಂಬ ಮಿತಿಯಿರುತ್ತದೆ. ಮಿತಿ ಮುಗಿದ ಕಡೆ ಆ ರೌಟರ್ ಪ್ಯಾಕೆಟ್ಟನ್ನು ಬಿಸಾಡಿ, ಕಳಿಸಿದವರಿಗೆ ಸುದ್ದಿ ಮುಟ್ಟಿಸುತ್ತದೆ. ಟ್ರೇಸ್‌ರೂಟ್ ಬೇಕೆಂದೇ ಮಿತಿಯನ್ನು 1, 2, 3 ಎಂದು ಏರಿಸುತ್ತ ಒಂದೊಂದೇ ರೌಟರಿನ ವಿಳಾಸವನ್ನು ಅವುಗಳ ಬಾಯಿಂದಲೇ ಹೊರಡಿಸುತ್ತದೆ. ಪಿಂಗ್ ಮತ್ತು ಟ್ರೇಸ್‌ರೂಟ್ ಎರಡನ್ನೂ ಬೆಸೆದ ‘ಎಂಟಿಆರ್’ ಇನ್ನೂ ಉಪಯುಕ್ತ. ಆದರೆ ಅದನ್ನು ಓದುವಾಗ ಬಹಳ ಜನ ಎಡವುತ್ತಾರೆ. ನಡುವಿನ ಒಂದು ರೌಟರ್ ಎದುರು ಶೇಕಡಾ 60 ನಷ್ಟ ಕಂಡ ಕೂಡಲೇ ‘ಸಿಕ್ಕಿತು ಕಳ್ಳ’ ಎನ್ನುವುದು ತಪ್ಪು. ದೊಡ್ಡ ರೌಟರ್‌ಗಳು ಪ್ಯಾಕೆಟ್ ದಾಟಿಸುವುದಕ್ಕೆ ಆದ್ಯತೆ ಕೊಟ್ಟು ಇಂಥ ವಿಚಾರಣೆಗಳಿಗೆ ಉತ್ತರಿಸುವುದನ್ನು ಕಡಿಮೆ ಮಾಡುತ್ತವೆ. ಅಲ್ಲಿಂದ ಶುರುವಾದ ನಷ್ಟ ಕೊನೆಯ ಸಾಲಿನವರೆಗೂ ಮುಂದುವರಿದರೆ ಮಾತ್ರ ಅದು ನಿಜವಾದ ನಷ್ಟ.

ಪಿಂಗ್ ಬಳಸಿ ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಪ್ರತಿಯೊಬ್ಬರೂ ಮಾಡಿ ನೋಡಬೇಕಾದದ್ದು. ಪಿಂಗ್ ಓಡುತ್ತಿರುವಾಗಲೇ ದೊಡ್ಡ ವಿಡಿಯೊ ಒಂದನ್ನು ಅಪ್‌ಲೋಡ್‌ಗೆ ಹಾಕಿ. 20 ಇದ್ದ ಮಿಲಿಸೆಕೆಂಡ್ 500ಕ್ಕೆ ಜಿಗಿದರೆ ರೌಟರ್ ಅಗತ್ಯಕ್ಕಿಂತ ಉದ್ದದ ಸರದಿಯಲ್ಲಿ ಪ್ಯಾಕೆಟ್‌ಗಳನ್ನು ನಿಲ್ಲಿಸುತ್ತಿದೆ ಎಂದು ತಿಳಿಯಬೇಕು. ತಜ್ಞರು ‘ಬಫರ್‌ಬ್ಲೋಟ್’ ಎನ್ನುವ ಈ ಕಾಯಿಲೆಗೆ ಹೆಚ್ಚಿನ ಎಂಬಿಪಿಎಸ್ ಪ್ಲ್ಯಾನ್ ಕೊಂಡರೆ ಪರಿಹಾರ ಸಿಗುವುದು ಖಾತ್ರಿಯಿಲ್ಲ. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಅದೇ ವ್ಯಾನ್ ಜೇಕಬ್ಸನ್ 2012ರಲ್ಲಿ ಪ್ರಕಟಿಸಿದ ‘ಕೋಡೆಲ್’ ವಿಧಾನ, ಅದರಿಂದ ಬೆಳೆದ ಸರದಿ ನಿರ್ವಹಣೆಯಿರುವ ರೌಟರ್ ಇದ್ದರೆ ಅದೇ ಪ್ಲ್ಯಾನ್‌ನಲ್ಲೂ ವಿಡಿಯೊ ಕರೆ ಕಡಿಯದೆ ನಡೆಯುತ್ತದೆ. ಜಾಹೀರಾತಿನ ವೇಗದ ಅಂಕಿಗಿಂತ ಈ ಅಳತೆಯೇ ಮನೆಯ ಅನುಭವಕ್ಕೆ ಹತ್ತಿರ ಎಂದು ನಾನು ದೃಢವಾಗಿ ನಂಬುತ್ತೇನೆ.

ಇದೇ ಗುಂಪಿನ ಇನ್ನೆರಡು ಉಪಕರಣಗಳನ್ನು ಹೆಸರಿಸಿ ಮುಂದೆ ಹೋಗೋಣ. ‘ಡಿಗ್’ ಜಾಲತಾಣದ ಹೆಸರಿಗೆ ಯಾವ ಐಪಿ ವಿಳಾಸ ಸಿಗುತ್ತಿದೆ, ಆ ಉತ್ತರ ಕೊಟ್ಟವರು ಯಾರು, ಎಷ್ಟು ಹೊತ್ತಾಯಿತು ಎಂದು ಹೇಳುತ್ತದೆ. ಪುಟ ತೆರೆಯುವ ಮುನ್ನ ಆಗುವ ತಡ ಎಷ್ಟೋ ಸಲ ಇಲ್ಲಿರುತ್ತದೆ. ‘ಐಪರ್ಫ್’ ಮನೆಯೊಳಗಿನ ಎರಡು ಯಂತ್ರಗಳ ನಡುವಿನ ವೇಗವನ್ನಷ್ಟೇ ಅಳೆಯುವುದರಿಂದ, ದೋಷ ವೈಫೈನದ್ದೋ ಹೊರಗಿನ ತಂತಿಯದ್ದೋ ಎಂಬ ಜಗಳ ಅಲ್ಲೇ ತೀರ್ಮಾನವಾಗುತ್ತದೆ.

ಪ್ಯಾಕೆಟ್‌ನಲ್ಲಿ ಏನಿದೆ?

ಈವರೆಗಿನವು ಸಾರಾಂಶ ಹೇಳುವ ಉಪಕರಣಗಳು. ಮೂಲವನ್ನೇ ಓದಬೇಕೆಂದರೆ ಪ್ಯಾಕೆಟ್ ಹಿಡಿಯಬೇಕು. ಅದಕ್ಕೆ 1988ರಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ‘ಟಿಸಿಪಿಡಂಪ್’ ಹುಟ್ಟಿತು. ಅದರ ಒಡಲಲ್ಲಿದ್ದ ಪ್ಯಾಕೆಟ್ ಸೋಸುವ ವಿಧಾನದ ಮುಂದುವರಿಕೆಯೇ ಇಂದು ಲಿನಕ್ಸ್ ಕರ್ನಲ್‌ನಲ್ಲಿ ‘ಇಬಿಪಿಎಫ್’ ಎಂಬ ಹೆಸರಲ್ಲಿ ದೊಡ್ಡ ದೊಡ್ಡ ಡೇಟಾ ಸೆಂಟರ್‌ಗಳ ನಿಗಾ ವ್ಯವಸ್ಥೆಗೆ ಆಧಾರವಾಗಿದೆ.

ಅದೇ ಪ್ರಯೋಗಾಲಯದಲ್ಲಿ ಎರಡು ವರ್ಷ ಮೊದಲು, 1986ರಲ್ಲಿ, ಕ್ಲಿಫರ್ಡ್ ಸ್ಟೋಲ್ ಎಂಬ ಖಗೋಳಜ್ಞರಿಗೆ ಕಂಪ್ಯೂಟರ್ ಬಳಕೆಯ ಲೆಕ್ಕದಲ್ಲಿ 75 ಸೆಂಟ್ ತಾಳೆಯಾಗದಿರುವುದನ್ನು ನೋಡಲು ಹೇಳಿದರು. ಬೇರೆ ಯಾರಾದರೂ ಬಿಟ್ಟುಬಿಡುತ್ತಿದ್ದ ಆ ವ್ಯತ್ಯಾಸವನ್ನು ಸ್ಟೋಲ್ ಬಿಡಲಿಲ್ಲ. ಹೊರಗಿನಿಂದ ಬರುವ ಟೆಲಿಫೋನ್ ತಂತಿಗಳಿಗೆ ಪ್ರಿಂಟರ್‌ಗಳನ್ನು ಜೋಡಿಸಿ, ಒಳನುಗ್ಗಿದವನು ಒತ್ತಿದ ಒಂದೊಂದು ಕೀಲಿಯನ್ನೂ ಕಾಗದಕ್ಕಿಳಿಸಿದರು. ಜಾಡು ಕೊನೆಗೆ ಜರ್ಮನಿಯ ಹ್ಯಾನೋವರ್‌ವರೆಗೆ ಹೋಯಿತು. ಕದ್ದ ಮಾಹಿತಿ ಸೋವಿಯತ್ ಗೂಢಚಾರ ಸಂಸ್ಥೆಗೆ ಮಾರಾಟವಾಗುತ್ತಿತ್ತು. ಜಾಲ ನಿಗಾದ ಚರಿತ್ರೆಯ ಮೊದಲ ದೊಡ್ಡ ಅಧ್ಯಾಯವಿದು. ಆಗ ಪ್ರಿಂಟರ್ ಮತ್ತು ಕಾಗದ ಮಾಡಿದ ಕೆಲಸವನ್ನು ಈಗ ನಮ್ಮ ಮೇಜಿನ ಮೇಲೆ ‘ವೈರ್‌ಶಾರ್ಕ್’ ಮಾಡುತ್ತದೆ. ಜೆರಾಲ್ಡ್ ಕೋಂಬ್ಸ್ 1998ರಲ್ಲಿ ‘ಈಥರಿಯಲ್’ ಎಂಬ ಹೆಸರಿನಲ್ಲಿ ಹೊರತಂದ ಈ ತಂತ್ರಾಂಶಕ್ಕೆ 2006ರಲ್ಲಿ ಇಂದಿನ ಹೆಸರು ಬಂತು. ಸಾವಿರಾರು ಬಗೆಯ ಜಾಲ ಭಾಷೆಗಳನ್ನು ಬಿಡಿಸಿ, ಪ್ರತಿ ಬೈಟ್‌ನ ಅರ್ಥವನ್ನು ಬದಿಯಲ್ಲೇ ತೋರಿಸುತ್ತದೆ.

ಕಾಲೇಜಿನಲ್ಲಿ ಕಂಪ್ಯೂಟರ್ ಜಾಲಗಳ ಪಾಠ ಓದುವವರು ಪುಸ್ತಕದ ಚಿತ್ರಗಳ ಜೊತೆಗೆ ವೈರ್‌ಶಾರ್ಕ್ ತೆರೆದಿಟ್ಟುಕೊಳ್ಳಬೇಕು. ಸಂಪರ್ಕ ಏರ್ಪಡುವಾಗ ಆಗುವ ಮೂರು ಹಂತದ ಕೈಕುಲುಕು, ಕಳೆದುಹೋದ ಪ್ಯಾಕೆಟ್ ಮತ್ತೆ ಬರುವುದು, ಜಾಲತಾಣದ ಹೆಸರು ವಿಳಾಸವಾಗುವುದು, ಎಲ್ಲವೂ ಕಣ್ಣೆದುರು ನಡೆಯುತ್ತವೆ. ಗೂಢಲಿಪೀಕರಣದ ಬೆಲೆಯೂ ಇಲ್ಲೇ ಮನವರಿಕೆಯಾಗುವುದು. ಹಳೆಯ ಎಚ್‌ಟಿಟಿಪಿ ತಾಣಕ್ಕೆ ಹಾಕಿದ ಪಾಸ್‌ವರ್ಡ್ ಅಕ್ಷರ ಬಿಡದೆ ಓದಲು ಸಿಗುತ್ತದೆ. ಎಚ್‌ಟಿಟಿಪಿಎಸ್ ತಾಣದಲ್ಲಿ ಒಳಗಿನ ಮಾತು ಕಾಣುವುದಿಲ್ಲ, ಆದರೆ ಯಾವ ತಾಣಕ್ಕೆ ಹೋದಿರಿ ಎಂಬುದು ಬಹುತೇಕ ಸಲ ಈಗಲೂ ಕಾಣುತ್ತದೆ.

ಯಾವ ಬಾಗಿಲು ತೆರೆದಿದೆ?

1997ರ ಸೆಪ್ಟೆಂಬರ್‌ನಲ್ಲಿ ‘ಫ್ರ್ಯಾಕ್’ ಎಂಬ ಪತ್ರಿಕೆಯಲ್ಲಿ ಫಿಯೋದೋರ್ ಎಂಬ ಕಾವ್ಯನಾಮದಡಿ ಗೋರ್ಡನ್ ಲಯನ್ ಒಂದು ಪ್ರೋಗ್ರಾಂ ಪ್ರಕಟಿಸಿದರು. ಅದೇ ‘ಎನ್‌ಮ್ಯಾಪ್’. ಒಂದು ಯಂತ್ರಕ್ಕೆ 65,535 ಟಿಸಿಪಿ ಪೋರ್ಟ್‌ಗಳಿರುತ್ತವೆ. ನಾವು ಬೇರೇನೂ ಸೂಚಿಸದಿದ್ದರೆ ಎನ್‌ಮ್ಯಾಪ್ ಹೆಚ್ಚು ಬಳಕೆಯ 1,000 ಪೋರ್ಟ್‌ಗಳನ್ನು ತಟ್ಟಿ ನೋಡುತ್ತದೆ. ತೆರೆದಿದೆ, ಮುಚ್ಚಿದೆ, ಫೈರ್‌ವಾಲ್ ಅಡ್ಡ ನಿಂತಿದೆ ಎಂಬ ಮೂರು ಬಗೆಯ ಉತ್ತರಗಳು ಮುಖ್ಯ. ಬೇಕೆಂದರೆ ಆ ಸೇವೆಯ ಹೆಸರು, ಆವೃತ್ತಿಗಳನ್ನೂ ಊಹಿಸುತ್ತದೆ.

ಮನೆಯ ಜಾಲವನ್ನು ಒಮ್ಮೆ ಎನ್‌ಮ್ಯಾಪ್‌ನಿಂದ ನೋಡಿದವರಿಗೆ ಆಶ್ಚರ್ಯ ಕಾದಿರುತ್ತದೆ. ಟಿವಿ, ಸಿಸಿ ಕ್ಯಾಮೆರಾ, ಪ್ರಿಂಟರ್, ಬಲ್ಬು, ಎಲ್ಲವೂ ಒಂದಲ್ಲ ಒಂದು ಬಾಗಿಲು ತೆರೆದು ಕೂತಿರುತ್ತವೆ. ಇದು ಏಕೆ ಮುಖ್ಯ ಎನ್ನುವುದಕ್ಕೆ 2016ರ ‘ಮಿರಾಯ್’ ಸಾಕ್ಷಿ. ಆ ದುಷ್ಟ ತಂತ್ರಾಂಶ ಕ್ಯಾಮೆರಾ ಮತ್ತು ವಿಡಿಯೊ ರೆಕಾರ್ಡರ್‌ಗಳ ಟೆಲ್ನೆಟ್ ಬಾಗಿಲಿಗೆ ಹೋಗಿ, ಕಾರ್ಖಾನೆಯಿಂದಲೇ ಬಂದ ಅರವತ್ತರ ಆಸುಪಾಸಿನ ಬಳಕೆದಾರ ಹೆಸರು, ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಹಾಕಿ ನೋಡುತ್ತಿತ್ತು. ಹಾಗೆ ವಶವಾದ ಲಕ್ಷಾಂತರ ಪುಟ್ಟ ಸಾಧನಗಳ ಸೇನೆ ಅಕ್ಟೋಬರ್ 21ರಂದು ತಾಣಗಳ ಹೆಸರಿಗೆ ವಿಳಾಸ ಹೇಳುವ ಡಿಎನ್‌ಎಸ್ ಸೇವೆ ಕೊಡುತ್ತಿದ್ದ ‘ಡಿನ್’ ಎಂಬ ಸಂಸ್ಥೆಯ ಮೇಲೆ ಮುಗಿಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಅಮೆರಿಕದ ಹಲವೆಡೆ ಗಂಟೆಗಟ್ಟಲೆ ಸಿಗದಾದವು. ಮನೆಯ ಕ್ಯಾಮೆರಾದ 23ನೇ ಪೋರ್ಟ್ ತೆರೆದಿದೆಯೇ ಎಂದು ನೋಡಿ, ಪಾಸ್‌ವರ್ಡ್ ಬದಲಿಸುವುದು ಇಡೀ ಜಾಲಕ್ಕೆ ಮಾಡುವ ಉಪಕಾರ.

ಇಂಥ ಉಪಕರಣ ಎಲ್ಲರ ಕೈಗೂ ಸಿಗಬೇಕೇ ಎಂಬ ವಾದ ಹಳೆಯದು. 1995ರಲ್ಲಿ ಡ್ಯಾನ್ ಫಾರ್ಮರ್ ಮತ್ತು ವೀಟ್ಸ ವೆನೆಮ ‘ಸೇಟನ್’ ಎಂಬ ದೋಷ ಹುಡುಕುವ ಉಪಕರಣವನ್ನು ಬಿಡುಗಡೆ ಮಾಡಿದಾಗ, ಕಳ್ಳರಿಗೆ ಆಯುಧ ಕೊಟ್ಟಂತಾಯಿತು ಎಂಬ ಕೂಗೆದ್ದಿತ್ತು. ಕಳ್ಳರ ಬಳಿ ಆಗಲೇ ತಮ್ಮ ಉಪಕರಣಗಳಿದ್ದವು, ಸಿಸ್ಟಂ ನೋಡಿಕೊಳ್ಳುವವರ ಬಳಿ ಇರಲಿಲ್ಲ. ಅಂದಿನಿಂದ ಇಂದಿನವರೆಗಿನ ಅನುಭವ ಮುಕ್ತವಾಗಿ ಹಂಚುವ ಪರವಾಗಿಯೇ ಇದೆ ಎಂಬುದು ನನ್ನ ಅಭಿಪ್ರಾಯ. ಆದರೆ ಮುಕ್ತತೆಗೆ ಒಂದು ಗೆರೆಯಿದೆ, ಅದರ ಹೆಸರು ಅನುಮತಿ. ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೇ ಕಲಂ ಪ್ರಕಾರ ಒಡೆಯರ ಅನುಮತಿಯಿಲ್ಲದೆ ಕಂಪ್ಯೂಟರ್ ಅಥವಾ ಜಾಲವನ್ನು ಪ್ರವೇಶಿಸಿದರೆ ಪರಿಹಾರ ಕಟ್ಟಿಕೊಡಬೇಕು. ಅದನ್ನೇ ಅಪ್ರಾಮಾಣಿಕವಾಗಿ ಅಥವಾ ವಂಚನೆಯ ಉದ್ದೇಶದಿಂದ ಮಾಡಿದರೆ 66ನೇ ಕಲಂನಡಿ 3 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಕಾಲೇಜಿನ, ಕಚೇರಿಯ, ಪಕ್ಕದ ಮನೆಯ ಜಾಲ ನಮ್ಮದಲ್ಲ. ಅಭ್ಯಾಸ ಮಾಡುವವರಿಗೆಂದೇ ಎನ್‌ಮ್ಯಾಪ್ ಯೋಜನೆ ‘ಸ್ಕ್ಯಾನ್‌ಮಿ’ ಎಂಬ ಸರ್ವರ್ ಇಟ್ಟಿದೆ. ‘ಓವರ್ ದ ವೈರ್’ ಬಳಗದ ‘ಬ್ಯಾಂಡಿಟ್’ ಆಟ ಲಿನಕ್ಸ್ ಕಮಾಂಡ್‌ಗಳನ್ನು ಹಂತಹಂತವಾಗಿ ಕಲಿಸುತ್ತದೆ. ಬೇಕೆಂದೇ ದೋಷ ತುಂಬಿದ ತಾಣಗಳನ್ನು ವರ್ಚುವಲ್‌ಬಾಕ್ಸ್‌ನಲ್ಲಿ ನಮ್ಮ ಯಂತ್ರದೊಳಗೇ ನಡೆಸಬಹುದು. ಕಲಿಯಲು ಬೇರೆಯವರ ಬೇಲಿ ಹಾರುವ ಅಗತ್ಯವೇ ಇಲ್ಲ. ಆಕಸ್ಮಿಕವಾಗಿ ಯಾವುದಾದರೂ ದೋಷ ಕಣ್ಣಿಗೆ ಬಿದ್ದರೆ ವರದಿ ಮಾಡಲು ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆಯಿದೆ.

ಬೀಗ ಸರಿಯಾಗಿದೆಯೇ?

1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂ ಕೂರಿಸಿದ್ದರು. ಅದಕ್ಕೆ ಉತ್ತರವಾಗಿ ತಾತು ಯುಲೋನೆನ್ ಬರೆದದ್ದೇ ಎಸ್‌ಎಸ್‌ಎಚ್. 21ನೇ ಪೋರ್ಟ್‌ನಲ್ಲಿ ಎಫ್‌ಟಿಪಿ, 23ರಲ್ಲಿ ಟೆಲ್ನೆಟ್ ಇದ್ದವು. ಅವೆರಡನ್ನೂ ಬದಲಿಸಲು ಬಂದ ಎಸ್‌ಎಸ್‌ಎಚ್‌ಗೆ ನಡುವಿನ 22 ಸಿಕ್ಕಿತು. 1999ರಿಂದ ಓಪನ್‌ಬಿಎಸ್‌ಡಿ ಬಳಗದ ಓಪನ್‌ಎಸ್‌ಎಸ್‌ಎಚ್ ಜಗತ್ತಿನ ಸರ್ವರ್‌ಗಳ ಹೆಬ್ಬಾಗಿಲಾಗಿದೆ. ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ ಕೀಲಿ ಜೋಡಿಯ ಲಾಗಿನ್ ಮಾತ್ರ ಇಟ್ಟರೆ, ಮೇಲೆ ಹೇಳಿದ ಲಾಗಿನ್ ದಾಳಿಗಳು ಎಷ್ಟು ಬಂದರೂ ವ್ಯರ್ಥ. ಜೊತೆಗೆ ‘ಫೇಲ್‌2ಬ್ಯಾನ್’ ಪದೇಪದೇ ತಪ್ಪುವ ವಿಳಾಸಗಳನ್ನು ತಡೆಯುತ್ತದೆ, ‘ಯುಎಫ್‌ಡಬ್ಲ್ಯೂ’ ಸರಳವಾಗಿ ಫೈರ್‌ವಾಲ್ ಕಟ್ಟಿಕೊಡುತ್ತದೆ, ‘ಲೈನಿಸ್’ ಇಡೀ ಯಂತ್ರವನ್ನು ತಪಾಸಿಸಿ ಸಲಹೆಗಳ ಪಟ್ಟಿ ಕೊಡುತ್ತದೆ.

ಇಳಿಸಿಕೊಂಡ ಫೈಲ್ ಅಸಲಿಯೇ ಎಂದು ನೋಡಲು, ಅದರ ಬೆರಳಚ್ಚಿನಂತಿರುವ ಹ್ಯಾಶ್ ಸಂಖ್ಯೆ ಕೊಡುವ ‘ಶಾ256ಸಮ್’ ಇದೆ. ಆದರೆ ಅದರ ಮಿತಿಯೂ ಗೊತ್ತಿರಬೇಕು. 2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್‌ನ ತಾಣಕ್ಕೆ ನುಗ್ಗಿದವರು ಡೌನ್‌ಲೋಡ್ ಕೊಂಡಿಯನ್ನೇ ಹಿಂಬಾಗಿಲಿರುವ ನಕಲಿ ಆವೃತ್ತಿಗೆ ತಿರುಗಿಸಿದ್ದರು. ಫೈಲ್ ಇರುವ ತಾಣದಲ್ಲೇ ಅದರ ಹ್ಯಾಶ್ ಸಂಖ್ಯೆಯೂ ಇದ್ದರೆ, ಫೈಲ್ ಬದಲಿಸಿದ ಕೈ ಸಂಖ್ಯೆಯನ್ನೂ ಬದಲಿಸಬಲ್ಲದು. ಹಾಗಾಗಿ ತಯಾರಕರ ಡಿಜಿಟಲ್ ಸಹಿಯನ್ನು ‘ಜಿಪಿಜಿ’ಯಿಂದ ಪರಿಶೀಲಿಸುವುದೇ ಭದ್ರ ದಾರಿ. ಯಾವುದೋ ಪುಟದಲ್ಲಿ ಕಂಡ ಸಾಲನ್ನು ನಕಲಿಸಿ, ಓದದೆ, ಅಡ್ಮಿನ್ ಅಧಿಕಾರದೊಂದಿಗೆ ಓಡಿಸುವ ಚಟವನ್ನಂತೂ ಬಿಡಲೇಬೇಕು.

ಕಮಾಂಡ್ ಲೈನ್‌ನ ಸೊಗಸು ಕಾಣುವ ಒಂದು ಅಭ್ಯಾಸ ಇಲ್ಲಿದೆ. ಆಸ್ಟ್ರೇಲಿಯಾದ ಟ್ರಾಯ್ ಹಂಟ್ 2013ರಲ್ಲಿ ಆರಂಭಿಸಿದ ‘ಹ್ಯಾವ್ ಐ ಬೀನ್ ಪೋನ್ಡ್’ ಸೇವೆ ಸೋರಿಹೋದ ಪಾಸ್‌ವರ್ಡ್‌ಗಳ ದೊಡ್ಡ ಸಂಗ್ರಹವನ್ನು ಇಟ್ಟಿದೆ. ನಮ್ಮ ಪಾಸ್‌ವರ್ಡ್ ಅದರಲ್ಲಿದೆಯೇ ಎಂದು ಕೇಳಲು ಪಾಸ್‌ವರ್ಡನ್ನೇ ಕಳಿಸಬೇಕಿಲ್ಲ. ‘ಶಾ1ಸಮ್’ ಕೊಡುವ 40 ಅಂಕಿಯ ಹ್ಯಾಶ್‌ನ ಮೊದಲ 5ನ್ನಷ್ಟೇ ‘ಕರ್ಲ್’ ಮೂಲಕ ಕಳಿಸಿದರೆ, ಅದೇ ಆರಂಭವಿರುವ ನೂರಾರು ಹ್ಯಾಶ್‌ಗಳ ಉಳಿದ 35 ಅಂಕಿಗಳು ಮರಳುತ್ತವೆ. ನಮ್ಮದು ಅದರಲ್ಲಿದೆಯೇ ಎಂದು ನಮ್ಮ ಯಂತ್ರದಲ್ಲೇ ‘ಗ್ರೆಪ್’ ಹುಡುಕಿ ಹೇಳುತ್ತದೆ. ಕೇಳಿದ್ದು ಯಾವುದನ್ನು ಎಂದು ಆ ಸೇವೆಗೂ ತಿಳಿಯುವುದಿಲ್ಲ. ಪಾಸ್‌ವರ್ಡನ್ನು ಕಮಾಂಡ್ ಸಾಲಿನಲ್ಲೇ ಬರೆದರೆ ಅದು ಶೆಲ್‌ನ ಇತಿಹಾಸದ ಫೈಲಿನಲ್ಲಿ ಉಳಿಯುತ್ತದೆ, ಆದ್ದರಿಂದ ಪರದೆಗೆ ಕಾಣದಂತೆ ಓದಿಕೊಳ್ಳುವ ‘ರೀಡ್’ ಬಳಸಬೇಕು.

ನಿನ್ನೆ ಹೇಗಿತ್ತು?

ನಿಗಾ ಎಂದರೆ ಒಂದು ದಿನ ನೋಡಿ ಬಿಡುವುದಲ್ಲ. 64 ಕಿಲೋಬಿಟ್‌ನ ಒಂದೇ ಒಂದು ಹೊರಸಂಪರ್ಕವಿದ್ದ ಕಾಲದಲ್ಲಿ, ಅದು ಯಾವ ಹೊತ್ತಿನಲ್ಲಿ ತುಂಬಿರುತ್ತದೆ ಎಂದು ಎಲ್ಲರಿಗೂ ತೋರಿಸಲು ಟೋಬಿಯಾಸ್ ಓಟಿಕರ್ ‘ಎಂಆರ್‌ಟಿಜಿ’ ಬರೆದು 1995ರಲ್ಲಿ ಹಂಚಿದರು. ಅವರದೇ ‘ಸ್ಮೋಕ್‌ಪಿಂಗ್’ ದಿನವಿಡೀ ಪಿಂಗ್ ಮಾಡಿ, ಸಮಯದ ಏರಿಳಿತವನ್ನು ನಕ್ಷೆಯಾಗಿ ಬರೆಯುತ್ತದೆ. ಸಂಜೆ ಹೊತ್ತು ಮಾತ್ರ ನೆಟ್ ಕೈಕೊಡುತ್ತದೆ ಎಂಬ ಅನುಮಾನವನ್ನು ಪುರಾವೆಯಾಗಿಸಿ ಗ್ರಾಹಕ ಸೇವೆಯವರ ಮುಂದಿಡಲು ಇದಕ್ಕಿಂತ ಒಳ್ಳೆಯದಿಲ್ಲ. ತಿಂಗಳ ಡೇಟಾ ಲೆಕ್ಕವಷ್ಟೇ ಸಾಕೆಂದರೆ ‘ವಿಎನ್‌ಸ್ಟ್ಯಾಟ್’ ಹಗುರವಾದ ಆಯ್ಕೆ.

ಹತ್ತಾರು ಸರ್ವರ್ ನೋಡಿಕೊಳ್ಳುವವರಿಗೆ ನಾಗಿಯೋಸ್, ಜ್ಯಾಬಿಕ್ಸ್, ಪ್ರೊಮಿಥಿಯಸ್ ಇವೆ. ಪ್ರೊಮಿಥಿಯಸ್ ಕೂಡಿಸಿದ ಅಂಕಿಗಳನ್ನು ಗ್ರಫಾನ ಚಿತ್ರವಾಗಿ ತೋರಿಸುತ್ತದೆ. ಮನೆಗೆ ಇವು ಹೊರೆ. ಮನೆಯಲ್ಲಿ ಒಂದು ರಾಸ್‌ಬೆರಿ ಪೈ ಮೇಲೆ ‘ಪೈ-ಹೋಲ್’ ಹಾಕಿದರೆ ಜಾಹೀರಾತು ತಡೆಯುವುದರ ಜೊತೆಗೆ, ಯಾವ ಸಾಧನ ಯಾವ ಹೆಸರನ್ನು ವಿಚಾರಿಸಿತು ಎಂಬ ದಿನಚರಿಯೂ ಸಿಗುತ್ತದೆ. ಆಫ್ ಮಾಡಿದ್ದೇವೆಂದುಕೊಂಡ ಟಿವಿ ರಾತ್ರಿಯಿಡೀ ಯಾರನ್ನು ಕೇಳುತ್ತಿರುತ್ತದೆ ಎಂದು ಆಗ ಗೊತ್ತಾಗುತ್ತದೆ. ಇನ್ನೂ ಆಳಕ್ಕಿಳಿಯುವವರಿಗೆ ಒಳನುಗ್ಗುವಿಕೆ ಪತ್ತೆಯ ‘ಸ್ನಾರ್ಟ್’, ‘ಸುರಿಕಾಟ’ ಇವೆ. ಅವು ಗೊತ್ತಿರುವ ದಾಳಿಗಳ ಗುರುತು ಹಿಡಿದು ಎಚ್ಚರಿಸುತ್ತವೆ. ವರ್ನ್ ಪ್ಯಾಕ್ಸನ್ ಆರಂಭಿಸಿದ, ಈಗ ‘ಝೀಕ್’ ಎನಿಸಿಕೊಂಡಿರುವ ವ್ಯವಸ್ಥೆ ಜಾಲದಲ್ಲಿ ನಡೆದ ಪ್ರತಿ ವ್ಯವಹಾರದ ದಾಖಲೆ ಬರೆಯುತ್ತ ಹೋಗುತ್ತದೆ.

ದಾಖಲೆಯ ಬೆಲೆಯನ್ನು ಕಾನೂನೂ ಒಪ್ಪಿದೆ. 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದಂತೆ ಸಂಸ್ಥೆಗಳು ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು, ಪಟ್ಟಿಯಲ್ಲಿರುವ ಬಗೆಯ ಭದ್ರತಾ ಘಟನೆಗಳನ್ನು ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು, ಗಡಿಯಾರಗಳನ್ನು ನಿಗದಿತ ಸರ್ವರ್‌ಗಳೊಂದಿಗೆ ಹೊಂದಿಸಿರಬೇಕು. ಗಡಿಯಾರದ ಮಾತು ಕ್ಷುಲ್ಲಕ ಎನಿಸಬಹುದು. ಎರಡು ಯಂತ್ರಗಳ ಲಾಗ್‌ಗಳ ಸಮಯ ಹೊಂದದಿದ್ದರೆ ದಾಳಿ ಯಾವ ಕ್ರಮದಲ್ಲಿ ನಡೆಯಿತೆಂದು ಹೇಳುವುದೇ ಆಗುವುದಿಲ್ಲ.

ಕನ್ನಡಿಗರಿಗೆ ಒಂದು ವಿಶೇಷ ಪಾಠ

ಟರ್ಮಿನಲ್ ಮತ್ತು ಕನ್ನಡದ ಸಂಬಂಧ ಇನ್ನೂ ಸುಸೂತ್ರವಾಗಿಲ್ಲ. ಪ್ರತಿ ಅಕ್ಷರಕ್ಕೂ ಒಂದೇ ಅಗಲದ ಮನೆ ಎಂಬ ಲೆಕ್ಕದಲ್ಲಿ ಕಟ್ಟಿದ ಪರದೆಯ ಮೇಲೆ ನಮ್ಮ ಒತ್ತಕ್ಷರ, ಗುಣಿತಾಕ್ಷರಗಳು ಹಲವು ಟರ್ಮಿನಲ್‌ಗಳಲ್ಲಿ ಚದುರಿಹೋಗುತ್ತವೆ. ಒಳಗಿನ ಸಂಗತಿಯನ್ನು ಅರಿತರೆ ಕಮಾಂಡ್‌ಗಳನ್ನು ಕನ್ನಡಕ್ಕೂ ಚೆನ್ನಾಗಿ ದುಡಿಸಬಹುದು. ‘ಕನ್ನಡ’ ಎಂಬುದನ್ನು ‘ಡಬ್ಲ್ಯೂಸಿ’ ಕಮಾಂಡ್‌ಗೆ ಕೊಟ್ಟರೆ ಬೈಟ್‌ಗಳ ಲೆಕ್ಕದಲ್ಲಿ 15, ಯುನಿಕೋಡ್ ಚಿಹ್ನೆಗಳ ಲೆಕ್ಕದಲ್ಲಿ 5 ಎನ್ನುತ್ತದೆ. ಕಣ್ಣಿಗೆ ಕಾಣುವುದು 3 ಅಕ್ಷರ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಚಿಹ್ನೆಗೆ 3 ಬೈಟ್ ಬೇಕು, ಒತ್ತಕ್ಷರ ಬೆಸೆಯುವ ಹಲಂತದ ಗುರುತೂ ದೀರ್ಘದ ಗುರುತೂ ತಲಾ ಒಂದು ಚಿಹ್ನೆ. ‘ಕೊ’ ಎಂಬುದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ಎತ್ವ ಮತ್ತು ಊತ್ವದ ಎರಡು ಸಂಕೇತಗಳಾಗಿಯೂ ಬರೆಯಬಹುದು. ನೋಡಲು ಎರಡೂ ಒಂದೇ, ‘ಗ್ರೆಪ್’ಗೆ ಮಾತ್ರ ಬೇರೆ ಬೇರೆ. ಪದಗಳ ಒಳಗೆ ಕಣ್ಣಿಗೆ ಕಾಣದ ಬೆಸುಗೆ ಬಿಡಿಸುವ ಸಂಕೇತಗಳೂ ಸೇರಿಕೊಂಡಿರುತ್ತವೆ. ಹುಡುಕಿದ ಕನ್ನಡ ಪದ ಸಿಗಲಿಲ್ಲವೆಂದರೆ ‘ಎಕ್ಸ್‌ಎಕ್ಸ್‌ಡಿ’ಯಿಂದ ಬೈಟ್‌ಗಳನ್ನೇ ತೆರೆದು ನೋಡಬೇಕು.

ಇದು ಭದ್ರತೆಯ ವಿಷಯವೂ ಹೌದು. ಈಗ ಕನ್ನಡ ಲಿಪಿಯಲ್ಲೇ ಕೊನೆಯಾಗುವ ‘.ಭಾರತ’ ಜಾಲತಾಣದ ಹೆಸರುಗಳಿವೆ. ಕನ್ನಡದ ಸೊನ್ನೆಯೂ ತೆಲುಗಿನ ಸೊನ್ನೆಯೂ ನೋಟಕ್ಕೆ ಒಂದೇ, ಸಂಕೇತ ಬೇರೆ. ಹೋಲುವ ಅಕ್ಷರಗಳಿಂದ ನಕಲಿ ಹೆಸರು ಸೃಷ್ಟಿಸುವ ಮೋಸವನ್ನು ನಮ್ಮ ಲಿಪಿಯಲ್ಲಿ ಗುರುತಿಸುವ ಕೆಲಸಕ್ಕೆ ಕನ್ನಡ ಬಲ್ಲ, ಬೈಟ್ ಓದಬಲ್ಲ ಕಣ್ಣುಗಳೇ ಬೇಕು.

ಎಲ್ಲಿಂದ ಆರಂಭಿಸಬೇಕು?

ಲಿನಕ್ಸ್ ಇಲ್ಲವೆಂದು ಯಾರೂ ಹಿಂಜರಿಯಬೇಕಿಲ್ಲ. ವಿಂಡೋಸ್‌ನಲ್ಲಿ 2016ರಿಂದ ಡಬ್ಲ್ಯೂಎಸ್‌ಎಲ್ ಮೂಲಕ ಲಿನಕ್ಸ್ ಶೆಲ್ ಸಿಗುತ್ತದೆ. ಕೈಯಲ್ಲಿರುವುದು ಆಂಡ್ರಾಯ್ಡ್ ಫೋನ್ ಮಾತ್ರವೇ? ‘ಟರ್ಮಕ್ಸ್’ ಎಂಬ ಆ್ಯಪ್ ಅದರಲ್ಲೇ ಶೆಲ್, ಗ್ರೆಪ್, ಕರ್ಲ್, ಎಸ್‌ಎಸ್‌ಎಚ್ ಎಲ್ಲವನ್ನೂ ಕೊಡುತ್ತದೆ. ನೂರಾರು ಉಪಕರಣ ತುಂಬಿಬಂದ ಕಾಲಿ ಲಿನಕ್ಸ್ ಹಾಕಿಕೊಂಡು ಆರಂಭಿಸುವ ಉಮೇದು ಹೊಸಬರಲ್ಲಿ ಹೆಚ್ಚು. ಅದು ವೃತ್ತಿಪರ ಪರೀಕ್ಷಕರಿಗೆ ಸಿದ್ಧವಾದದ್ದು, ಕಲಿಕೆಯ ಮೊದಲ ಮೆಟ್ಟಿಲಾಗಿ ನಾನು ಅದನ್ನು ಸೂಚಿಸುವುದಿಲ್ಲ.

ನನ್ನ ಸಲಹೆ ಇಷ್ಟು. ಮೊದಲು ಎಚ್‌ಟಾಪ್, ಎಸ್‌ಎಸ್, ಪಿಂಗ್, ಡಿಗ್, ಗ್ರೆಪ್ ಎಂಬ ಐದನ್ನು ಕೈಗೆ ಹತ್ತಿಸಿಕೊಳ್ಳಿ. ಎಲ್ಲವೂ ಸರಿಯಾಗಿರುವ ಒಂದು ದಿನ ಅವುಗಳ ಉತ್ತರಗಳನ್ನು ಫೈಲಿನಲ್ಲಿ ಉಳಿಸಿ: ಯಾವ ಪ್ರಕ್ರಿಯೆಗಳು ಓಡುತ್ತಿದ್ದವು, ಯಾವ ಪೋರ್ಟ್‌ಗಳು ತೆರೆದಿದ್ದವು, ರೌಟರ್‌ಗೆ ಎಷ್ಟು ಮಿಲಿಸೆಕೆಂಡ್ ಹಿಡಿಯಿತು. ತಿಂಗಳಿಗೊಮ್ಮೆ ಹೊಸ ಉತ್ತರವನ್ನು ‘ಡಿಫ್’ ಕಮಾಂಡ್‌ನಿಂದ ಹಳೆಯದರ ಜೊತೆ ಹೋಲಿಸಿ. ಬದಲಾದ ಪ್ರತಿ ಸಾಲಿಗೂ ಕಾರಣ ಹುಡುಕಿ. ಹೆಚ್ಚಿನವಕ್ಕೆ ನಿರಪಾಯಕರ ಕಾರಣವೇ ಇರುತ್ತದೆ, ಆದರೆ ಆ ಕಾರಣ ಹುಡುಕುವಾಗಲೇ ಕಮಾಂಡ್‌ಗಳ ಕೈಪಿಡಿಯಾದ ‘ಮ್ಯಾನ್’ ಪುಟ ಓದುವುದು, ಪ್ಯಾಕೆಟ್ ಹಿಡಿಯುವುದು, ಲಾಗ್ ಬಿಡಿಸುವುದು ಎಲ್ಲ ತಾನಾಗಿ ಬರುತ್ತವೆ. ವೈರ್‌ಶಾರ್ಕ್, ಎನ್‌ಮ್ಯಾಪ್, ಝೀಕ್‌ಗಳ ಅಗತ್ಯ ಯಾವಾಗ ಬೀಳುತ್ತದೆಂದು ನಿಮ್ಮ ಪ್ರಶ್ನೆಗಳೇ ಹೇಳುತ್ತವೆ.

ನಮ್ಮ ಬ್ಯಾಂಕು, ಆಸ್ಪತ್ರೆ, ಪಹಣಿ, ಪರೀಕ್ಷೆಯ ಫಲಿತಾಂಶ ಎಲ್ಲವೂ ಜಾಲದ ಮೇಲೆ ನಿಂತಿರುವಾಗ, ಅದು ಹೇಗೆ ನಡೆಯುತ್ತಿದೆ ಎಂದು ಸ್ವತಃ ಪರಿಶೀಲಿಸಬಲ್ಲ ಜನ ಪ್ರತಿ ಊರಿನಲ್ಲೂ ಇರಬೇಕು. ಅದಕ್ಕೆ ಬೇಕಾದ ಉಪಕರಣಗಳನ್ನು ಬರೆದವರು ದಶಕಗಳ ಹಿಂದೆಯೇ ಉಚಿತವಾಗಿ ಕೊಟ್ಟಿದ್ದಾರೆ. ಉಳಿದಿರುವುದು ಅವನ್ನು ಕಲಿತು, ಕನ್ನಡದಲ್ಲಿ ವಿವರಿಸಿ, ಮುಂದಿನವರಿಗೆ ದಾಟಿಸುವ ಕೆಲಸ.